ಕಾವಿಯ ಗೆರೆ, ತಾಮ್ರದ ಗೆರೆ

ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಸಮುದ್ರದ ಚಿಪ್ಪುಗಳನ್ನು ಸಂಗ್ರಹಿಸುವ ವ್ಯಸನವು ಶ್ರೀಮಂತರನ್ನೂ ವಿದ್ವಾಂಸರನ್ನೂ ಸಮನಾಗಿ ಹಿಡಿದಿದ್ದಿತು. ನೋತ್ರ್ ದಾಮ್ ಸೇತುವೆಯ ಮೇಲೆ ಅಂಗಡಿಯಿಟ್ಟಿದ್ದ ಜೆರ್ಸೆಂ ಎಂಬ ಕಲಾವ್ಯಾಪಾರಿಯು 1736ರಲ್ಲಿ ಚಿಪ್ಪುಗಳೂ ಇತರ ನಿಸರ್ಗವಿಚಿತ್ರಗಳೂ ಸೇರಿದ ಒಂದು ಸಂಗ್ರಹದ ಮಾರಾಟಕ್ಕಾಗಿ ಸವಿವರವಾದ ಪಟ್ಟಿಯೊಂದನ್ನು ಅಚ್ಚುಹಾಕಿಸಿದಾಗ, ಅದಕ್ಕೆ ಮುಖಚಿತ್ರವನ್ನು ರಚಿಸಿಕೊಟ್ಟವನು, ಸ್ವತಃ ಚಿಪ್ಪುಗಳ ಹುಚ್ಚನ್ನು ಹಚ್ಚಿಕೊಂಡಿದ್ದ ಚಿತ್ರಕಾರ ಫ್ರಾಂಸ್ವಾ ಬೂಷೇ. ಅದನ್ನು ತಾಮ್ರದ ಮೇಲೆ ಇಳಿಸಿದವನು ಕ್ಲೋದ್ ದುಫ್ಲೋ. ಆರು ವರ್ಷಗಳ ತರುವಾಯ, 1742ರಲ್ಲಿ, ಶಿಲೆಗಳನ್ನೂ ಚಿಪ್ಪುಗಳನ್ನೂ ಕುರಿತು ದೆಜಾಲಿಯೇ ದಾರ್ಜಾನ್‌ವೀಲ್ ಬರೆದ ಗ್ರಂಥಕ್ಕೂ ಬೂಷೇಯೇ ಮುಖಚಿತ್ರವನ್ನು ಕಲ್ಪಿಸಿದನು. ಕೊರೆದವನು ಮಾತ್ರ ಬೇರೊಬ್ಬ. ಕಲ್ಪಿಸುವ ಕೈ ಒಂದು, ಕೊರೆಯುವ ಕೈ ಇನ್ನೊಂದು ಎಂಬ ಈ ವ್ಯವಸ್ಥೆಯು ಆ ಕಾಲದ ಫ್ರಾನ್ಸಿನಲ್ಲಿ ತೀರ ಸಾಮಾನ್ಯವಾದುದು. ಹಾಗಿದ್ದ ಮೇಲೆ ಮೊದಲನೆಯ ಕೈ ಎರಡನೆಯ ಕೈಗೆ ತನ್ನ ಅಭಿಪ್ರಾಯವನ್ನು ತಿಳಿಸುವುದಕ್ಕೆ ಏನಾದರೊಂದು ಸಾಧನ ಬೇಕಷ್ಟೆ? ಆ ಸಾಧನವೇ ಬಳಪದಿಂದ ಬರೆದ ಪೂರ್ವಸಿದ್ಧತೆಯ ಹಾಳೆ.

ಕೆಂಪು ಇಲ್ಲವೆ ಕರಿಯ ಬಳಪದಲ್ಲಿ ಬರೆದ ಇಂತಹ ಒಂದು ಸ್ಥಿರವಸ್ತುಚಿತ್ರವನ್ನು, ಎಂದರೆ ಮೇಜಿನ ಮೇಲೆ ಜೋಡಿಸಿದ ಹೂಜಿ, ಹಣ್ಣು, ಚಿಪ್ಪು, ಹವಳದ ಕೊಂಬೆ ಮೊದಲಾದ ಚಲನೆಯಿಲ್ಲದ ಪದಾರ್ಥಗಳ ಚಿತ್ರವನ್ನು, ಗೋಡೆಗೆ ತೂಗುಹಾಕುವ ಉದ್ದೇಶದಿಂದ ಯಾರೂ ಬರೆಯಲಿಲ್ಲ. ತಾಮ್ರದ ತಗಡಿನ ಮೇಲಿರಿಸಿ, ಹಿಂಬದಿಗೆ ಬಣ್ಣವನ್ನು ಉಜ್ಜಿ, ಮೊಂಡುಸೂಜಿಯಿಂದ ಗೆರೆಗೆರೆಯನ್ನೂ ಒತ್ತಿ, ಬೇಕಾದರೆ ಒದ್ದೆಯ ಕಾಗದದೊಡನೆ ಉರುಳೆಗಳ ನಡುವೆ ಹಾಯಿಸಿ, ಕೆಲಸ ತೀರಿದ ಮೇಲೆ ಮೂಲೆಗೆ ಸೇರಿಸುವುದಕ್ಕಾಗಿಯೇ ಹುಟ್ಟಿದ ವಸ್ತು ಇದು. ಇಂದಿನ ರಸಿಕರು ಇದರಲ್ಲಿ ಕೈಯ ಲಾಘವವನ್ನು ಕಂಡು ಮೆಚ್ಚುತ್ತಾರೆ, ಮೆಚ್ಚತಕ್ಕದ್ದೇ. ಆದರೆ ಇದರ ಅಂದವು ಪ್ರಾಸಂಗಿಕವಾದುದೆಂದೂ, ನಿಜದಲ್ಲಿ ಇದೊಂದು ಆದೇಶಪತ್ರವೆಂದೂ, ತಾಮ್ರವನ್ನು ಆಮ್ಲವು ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ತಿನ್ನಬೇಕೆಂಬುದನ್ನು ಬಳಪದ ಲಿಪಿಯಲ್ಲಿ ಬರೆದಿಟ್ಟ ಲೆಕ್ಕವೆಂದೂ ನನ್ನ ಅಭಿಪ್ರಾಯ. ಆ ಲೆಕ್ಕವನ್ನು ಓದುವುದಕ್ಕೆ ಖನಿಜಶಾಸ್ತ್ರ, ಜ್ಯಾಮಿತಿ, ರಸಾಯನಶಾಸ್ತ್ರ ಈ ಮೂರರ ನೆರವೂ ಬೇಕಾಗುತ್ತದೆ.

ಮೊದಲು ಬಳಪವನ್ನು ನೋಡೋಣ. ಶಾಲೆಯ ಹಲಗೆಯ ಮೇಲೆ ಬರೆಯುವ ಸುಣ್ಣದ ಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಕೆಂಪು ಬಳಪವೆಂಬುದು ನೆಲದಿಂದ ಅಗೆದು ತೆಗೆದ ಮೃದುವಾದ ಜೇಡಿಶಿಲೆ. ಅದಕ್ಕೆ ಬಣ್ಣವನ್ನು ಕೊಟ್ಟಿರುವುದು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡು. ಸಂಡೂರಿನ ಬೆಟ್ಟಗಳಲ್ಲಿ ಅದಿರಾಗಿ ದೊರೆಯುವ ಖನಿಜವೂ, ನಮ್ಮ ಮನೆಗಳ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪನ್ನಿತ್ತಿರುವ ಖನಿಜವೂ ಇದೇ. ಹೆಮಟೈಟಿನ ಒಂದು ದಪ್ಪ ಹರಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಕೆಂಪೆಂದು ತೋರುವುದೇ ಇಲ್ಲ. ಉಕ್ಕಿನಂತೆ ಬೂದುಗಪ್ಪಾಗಿ ಹೊಳೆಯುತ್ತದೆ. ಪುಡಿಮಾಡಿದಾಗಲೇ ಅದರ ಕೆಂಪು ಹೊರಬೀಳುವುದು, ಏಕೆಂದರೆ ಸಣ್ಣ ಕಣಗಳನ್ನು ಹಾದು ಚೆದರುವ ಬೆಳಕಿನಲ್ಲಿ ನೀಲಿ ಹಸಿರುಗಳ ಅಂಶವು ಹೀರಿಹೋಗಿ ಕೆಂಪಿನ ಅಂಶವು ಮಾತ್ರ ನಮ್ಮ ಕಣ್ಣಿಗೆ ಹಿಂದಿರುಗುತ್ತದೆ. ಈ ಆಕ್ಸೈಡಿಗೆ ಬಿಸಿಲಿನ ಭಯವಿಲ್ಲ, ಗಾಳಿಯ ಭಯವೂ ಇಲ್ಲ. ಗಿಡಮೂಲದ ಬಣ್ಣಗಳೆಷ್ಟೋ ಒಂದೆರಡು ತಲೆಮಾರುಗಳೊಳಗೆ ಮಾಸಿಹೋದರೂ, ಇನ್ನೂರೈವತ್ತು ವರ್ಷಗಳ ಹಿಂದಿನ ಕೆಂಪು ಬಳಪದ ಗೆರೆಯು ಇಂದಿಗೂ ತನ್ನ ವರ್ಣವನ್ನು ಬಿಟ್ಟುಕೊಡದೆ ಇರುವುದಕ್ಕೆ ಇದೇ ಕಾರಣ.

ಹೆಮಟೈಟ್ ಬಣ್ಣವನ್ನು ಕೊಟ್ಟರೆ, ಬರೆಯುವ ಗುಣವನ್ನು ಕೊಡುವುದು ಜೇಡಿ. ಜೇಡಿಯ ಕಣಗಳು ಅತಿಸೂಕ್ಷ್ಮವಾದ ಹಳಕುಗಳು; ಒಂದರ ಮೇಲೊಂದು ಜಾರತಕ್ಕವು. ಅವುಗಳ ಪಾಲು ಕಡಿಮೆಯಾದರೆ ಬಳಪವು ಗಡುಸಾಗಿ ಕಾಗದವನ್ನು ಗೀರುತ್ತದೆ, ಹೆಚ್ಚಾದರೆ ಬಣ್ಣ ಪೇಲವವಾಗುತ್ತದೆ. ಕರಿಯ ಬಳಪವು ಇಂಗಾಲದ ಅಂಶವುಳ್ಳ ಜೇಡಿಪದರಗಲ್ಲು. ಹದಿನಾರನೆಯ ಶತಮಾನದ ಇಟಲಿಯ ಕಲಾವಿದ ವಸಾರಿಯು ಈ ಕರಿಯ ಕಲ್ಲು ಫ್ರಾನ್ಸಿನ ಬೆಟ್ಟಗಳಿಂದ ಬರುವುದೆಂದು ಬರೆದಿದ್ದಾನೆ. ಬಿಳಿಯ ಮೆರುಗಿಗೆ ಸುಣ್ಣಕಲ್ಲನ್ನೋ, ನಮ್ಮ ಹೊಯ್ಸಳ ಶಿಲ್ಪಿಗಳು ಕಡೆದ ಬಳಪದ ಕಲ್ಲಿನ ಜಾತಿಯ ಮೆತುಗಲ್ಲನ್ನೋ ಬಳಸುತ್ತಿದ್ದರು. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬೆರೆಸಿ ಬರೆಯುವ ಪದ್ಧತಿಯನ್ನು ವಾತೋ ಎಂಬ ಕಲಾವಿದನು ಬಹಳ ಎತ್ತರಕ್ಕೆ ಕೊಂಡೊಯ್ದನಾದರೂ, ತಾಮ್ರಕ್ಕಾಗಿ ಬರೆಯುವವನಿಗೆ ಒಂದೇ ಬಣ್ಣ ಸಾಕಾಗುತ್ತಿದ್ದಿತು.

ಈ ಬಳಪವು ಕಾಗದಕ್ಕೆ ಅಂಟುವುದಿಲ್ಲ; ಸಿಕ್ಕಿಕೊಳ್ಳುತ್ತದೆ. ಅಂದಿನ ಕಾಗದವು ಹಳೆಯ ನಾರುಬಟ್ಟೆಯ ಚಿಂದಿಗಳನ್ನು ಕುಟ್ಟಿ, ತಂತಿಯ ಜಾಲರಿಯಲ್ಲಿ ಎತ್ತಿ, ಸರೇಸಿನ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಜಾಲರಿಯ ತಂತಿಗಳ ಗುರುತು ಅದರ ಮೇಲೆ ಏರುತಗ್ಗಾಗಿ ಉಳಿದಿರುತ್ತದೆ. ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುವಂತೆ ಈ ಒರಟಿನ ಮೇಲೆ ಬಳಪವು ತೇದುಹೋಗಿ, ಅದರ ಕಣಗಳು ನಾರುಗಳ ಸಂದಿನಲ್ಲಿ ನೆಲೆಸುತ್ತವೆ. ಹಗುರವಾಗಿ ಎಳೆದಾಗ ಏರುಗಳಿಗೆ ಮಾತ್ರ ಬಣ್ಣ ಹತ್ತಿ, ತಗ್ಗುಗಳಲ್ಲಿ ಕಾಗದದ ಬಿಳುಪು ಉಳಿದು, ಗೆರೆಯು ಬಿಡಿಬಿಡಿಯಾಗಿ ನರೆತಂತೆ ಕಾಣುತ್ತದೆ. ಒತ್ತಿ ಎಳೆದಾಗ ತಗ್ಗುಗಳೂ ತುಂಬಿ ಗಾಢವಾಗುತ್ತದೆ. ಆದುದರಿಂದ ಬಳಪದ ಚಿತ್ರದಲ್ಲಿ ನೆರಳಿನ ಸಮಸ್ತ ವ್ಯವಹಾರವೂ ಬೆರಳಿನ ಒತ್ತಡದ ವ್ಯವಹಾರ. ಒಂದು ಹೂಜಿಯ ದುಂಡುತನವನ್ನು ತೋರಿಸಲು ಚಿತ್ರಕಾರನು ಅದರ ಬೆಳಕಿನ ಪಕ್ಕದಲ್ಲಿ ಕೈಯನ್ನು ಸಡಿಲಿಸಿ, ನೆರಳಿನ ಪಕ್ಕದಲ್ಲಿ ಬಿಗಿಮಾಡುತ್ತಾನೆ, ಅಷ್ಟೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ತಾಮ್ರದಲ್ಲಿ ಒತ್ತಡಕ್ಕೆ ಈ ಬೆಲೆಯಿಲ್ಲ.

ತಾಮ್ರದ ತಗಡನ್ನು ಎಚ್ಚಿಂಗ್ ಎಂಬ ಆಮ್ಲಕೊರೆತಕ್ಕೆ ಸಿದ್ಧಮಾಡುವ ಕ್ರಮ ಹೀಗೆ. ನಯವಾಗಿ ತಿಕ್ಕಿದ ತಗಡನ್ನು ಕಾಯಿಸಿ, ಜೇನುಮೇಣ, ರಾಳ, ಅಸ್ಫಾಲ್ಟು ಮೊದಲಾದುವುಗಳನ್ನು ಕರಗಿಸಿ ಬೆರೆಸಿದ ಲೇಪವನ್ನು ಅದರ ಮೇಲೆ ತೆಳ್ಳಗೆ ಹರಡುತ್ತಾರೆ. ಬಳಿಕ ತಗಡನ್ನು ಮಗುಚಿ ಹಿಡಿದು, ಉರಿಯುವ ಮೇಣದ ಬತ್ತಿಯ ಹೊಗೆಯಿಂದ ಲೇಪವನ್ನು ಕಪ್ಪಗೆ ಮಾಡುತ್ತಾರೆ. ಕಪ್ಪು ನೆಲದ ಮೇಲೆ ಸೂಜಿಯಿಂದ ಗೀರಿದಲ್ಲೆಲ್ಲ ತಾಮ್ರವು ಹೊಳೆಹೊಳೆದು ಕಾಣುವುದರಿಂದ ಕೆಲಸ ಸುಗಮವಾಗುತ್ತದೆ. ಆದರೆ ಗೀರುವುದಕ್ಕೆ ಮುಂಚೆ ಚಿತ್ರವು ಆ ಕಪ್ಪಿನ ಮೇಲೆ ಬಂದು ಕೂಡಬೇಕಲ್ಲವೆ? ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿದ್ದುವು. ಹಾಳೆಯ ಬೆನ್ನಿಗೆ ಕೆಂಪು ಬಳಪದ ಪುಡಿಯನ್ನು ಉಜ್ಜಿ, ಮುಖವನ್ನು ಮೇಲೆ ಮಾಡಿ ತಗಡಿನ ಮೇಲಿರಿಸಿ, ಗೆರೆಗಳನ್ನು ಮೊಂಡುಸೂಜಿಯಿಂದ ಒತ್ತಿ ಬರೆಯುವುದು ಒಂದು. ಒತ್ತಿದಲ್ಲೆಲ್ಲ ಬೆನ್ನಿನ ಪುಡಿಯು ಕಪ್ಪು ಲೇಪಕ್ಕೆ ಹತ್ತಿ ಕೆಂಪು ಗೆರೆಯಾಗುತ್ತದೆ. ಬಳಪದ ಚಿತ್ರವನ್ನೇ ತುಸು ತೇವಮಾಡಿ, ಮುಖ ಕೆಳಗಾಗಿ ತಗಡಿನ ಮೇಲೆ ಕವುಚಿ, ಉರುಳೆಯ ಯಂತ್ರದಲ್ಲಿ ಒತ್ತುವುದು ಇನ್ನೊಂದು.

ಮೇಲುನೋಟಕ್ಕೆ ಎರಡೂ ಒಂದೇ ಕಾರ್ಯವನ್ನು ಸಾಧಿಸುವಂತೆ ತೋರಿದರೂ ಫಲದಲ್ಲಿ ಎಡಬಲಗಳಷ್ಟು ಅಂತರವಿದೆ. ತಗಡಿನಿಂದ ಕಾಗದಕ್ಕೆ ಅಚ್ಚು ಇಳಿಯುವಾಗ ಚಿತ್ರವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುವುದು ಅನಿವಾರ್ಯ. ಮೊದಲನೆಯ ದಾರಿಯಲ್ಲಿ ಚಿತ್ರವು ತಗಡಿನ ಮೇಲೆ ಇದ್ದಂತೆಯೇ ಕುಳಿತು, ಅಚ್ಚಿನಲ್ಲಿ ಒಮ್ಮೆ ಮಾತ್ರ ತಿರುಗುತ್ತದೆ. ಎರಡನೆಯ ದಾರಿಯಲ್ಲಿ ತಗಡಿಗೆ ಇಳಿಯುವಾಗ ಒಮ್ಮೆ, ಅಚ್ಚಿಗೆ ಇಳಿಯುವಾಗ ಇನ್ನೊಮ್ಮೆ ತಿರುಗಿ, ಮೊದಲಿದ್ದ ದಿಕ್ಕಿಗೇ ಬರುತ್ತದೆ. ಪ್ರತಿಬಿಂಬನವನ್ನು ಎರಡು ಸಲ ಮಾಡಿದರೆ ಏನನ್ನೂ ಮಾಡದಂತಾಯಿತೆಂಬ ಜ್ಯಾಮಿತಿಯ ಸರಳ ಸಿದ್ಧಾಂತವಿದು. ತಿರುಗಿದ ಚಿತ್ರದ ಗುರುತು ಸಣ್ಣ ಸಂಗತಿಗಳಲ್ಲಿ ಸಿಗುತ್ತದೆ: ಬಲಗೈಯವನು ನೆರಳಿಗಾಗಿ ಎಳೆಯುವ ಗೆರೆಗಳು ಸಾಮಾನ್ಯವಾಗಿ ಮೇಲಣ ಬಲಮೂಲೆಯಿಂದ ಕೆಳಗಣ ಎಡಮೂಲೆಯ ಕಡೆಗೆ ಓರೆಯಾಗಿರುತ್ತವೆ, ಅಚ್ಚಿನಲ್ಲಿ ಅವು ಎಡಚನೊಬ್ಬನು ಎಳೆದಂತೆ ಕಾಣತೊಡಗುತ್ತವೆ.

ಮನುಷ್ಯರ ಮುಖ, ಮರ, ಮೋಡ ಇವು ಎಡಬಲ ಬದಲಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಥಿರವಸ್ತುಗಳ ಮಾತು ಬೇರೆ. ಆದರೂ 1667ರ ಸುಮಾರಿಗೆ ಫೆಲಿಬಿಯಾಂ ಎಂಬ ಫ್ರೆಂಚ್ ವಿದ್ವಾಂಸನು ಚಿತ್ರವಿಷಯಗಳಿಗೆ ತಾರತಮ್ಯವನ್ನು ಕಲ್ಪಿಸಿ, ಹಣ್ಣು, ಹೂವು, ಚಿಪ್ಪುಗಳನ್ನು ಬರೆಯುವವನನ್ನು ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದನು. ವಿಜ್ಞಾನದ ದೃಷ್ಟಿಯಿಂದ ಇದಕ್ಕಿಂತ ಅನ್ಯಾಯವಾದ ತೀರ್ಪು ಇನ್ನೊಂದಿಲ್ಲ. ಎಡಬಲಗಳ ಪರೀಕ್ಷೆಯಲ್ಲಿ ಸಿಕ್ಕಿಬೀಳುವವನು ಸ್ಥಿರವಸ್ತುಗಳ ಚಿತ್ರಕಾರನೊಬ್ಬನೇ, ಏಕೆಂದರೆ ಅವನ ಮೇಜಿನ ಮೇಲಿರುವ ಪದಾರ್ಥಗಳಲ್ಲಿ ಹಲವಕ್ಕೆ ತಮ್ಮದೇ ಆದ ಕೈಯುಂಟು. ತೆರೆದಿಟ್ಟ ಪುಸ್ತಕದ ಅಕ್ಷರ, ಗಡಿಯಾರದ ಮುಖ, ಪಿಟೀಲಿನ ತಂತಿಗಳ ಅನುಕ್ರಮ ಇವು ಮನುಷ್ಯನ ಏರ್ಪಾಡುಗಳೆನ್ನಬಹುದು. ಆದರೆ ಹೂದಾನಿಯನ್ನು ಸುತ್ತಿ ಹಬ್ಬಿದ ಬಳ್ಳಿಗೆ ಏನು ಹೇಳೋಣ? ಕಾನ್ವಾಲ್ವುಲಸ್ ಜಾತಿಯ ಬಳ್ಳಿಗಳು ಸದಾ ಒಂದು ದಿಕ್ಕಿಗೇ ಸುತ್ತುತ್ತವೆ, ಹನಿಸಕಲ್ ಬಳ್ಳಿಯು ಅದರ ಎದುರು ದಿಕ್ಕಿಗೆ; ಅಚ್ಚಿನಲ್ಲಿ ತಿರುಗಿದ ಬಳ್ಳಿಯು ಸಸ್ಯಶಾಸ್ತ್ರಕ್ಕೆ ಒಗ್ಗದ ಬಳ್ಳಿ.

ಎಲ್ಲಕ್ಕಿಂತ ನಿಷ್ಠುರವಾದ ಸಾಕ್ಷಿ ಚಿಪ್ಪು. ಬಸವನಹುಳುವಿನ ಚಿಪ್ಪನ್ನು ತುದಿ ಮೇಲಾಗಿ, ಬಾಯಿ ನಮ್ಮ ಕಡೆಗಾಗಿ ಹಿಡಿದರೆ, ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪ್ರಭೇದಗಳಲ್ಲಿ ಬಾಯಿಯು ಬಲಗಡೆಗಿರುತ್ತದೆ. 1650ರಲ್ಲಿ ಹಾಲೆಂಡಿನ ರೆಂಬ್ರಾಂಟನು ಪೂರ್ವಸಮುದ್ರಗಳ ಅಮೃತಶಿಲೆ ಬಣ್ಣದ ಶಂಕುಚಿಪ್ಪೊಂದನ್ನು ಆಮ್ಲಕೊರೆತದಲ್ಲಿ ಚಿತ್ರಿಸಿದನು. ನೆರಳಿನ ಆ ಕಪ್ಪಿನೊಳಗಿಂದ ಚಿಪ್ಪಿನ ನುಣುಪು ಎದ್ದು ಬರುವ ಪರಿ ಅಸಾಧಾರಣವಾದುದು. ಕಣ್ಣಿಗೆ ಕಂಡ ದಿಕ್ಕಿನಲ್ಲೇ ತಗಡಿನ ಮೇಲೆ ಗೀರಿದನಾದುದರಿಂದ ಅಚ್ಚಿನಲ್ಲಿ ಸುರುಳಿಯು ತಿರುಗಿ, ಪ್ರಕೃತಿಯಲ್ಲಿ ಕಾಣುವುದೇ ಅಪರೂಪವಾದ ಎಡಸುತ್ತಿನ ಶಂಕುಚಿಪ್ಪು ಉದ್ಭವಿಸಿತು. ವಿನೋದವೇನೆಂದರೆ, ತನ್ನ ಸಹಿಯನ್ನು ಮಾತ್ರ ಆತನು ತಗಡಿನ ಮೇಲೆ ತಿರುಗಿಸಿಯೇ ಬರೆದಿದ್ದಾನೆ. ಅಚ್ಚಿನಲ್ಲಿ ಅದು ನೆಟ್ಟಗಿದೆ. ನಮ್ಮಲ್ಲಿ ದೇವರ ಮನೆಗೆ ಅಮೂಲ್ಯವೆಂದು ಅರಸುವ ಬಲಮುರಿ ಶಂಖವು ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇಂತಹ ವಿರಳವಾದ ಎಡಸುತ್ತಿನದೇ ಆದುದರಿಂದ, ತಾಮ್ರದ ಕೆತ್ತನೆಗಾರನು ತನ್ನ ಅಜಾಗ್ರತೆಯಿಂದಲೇ ಎಷ್ಟು ಬಲಮುರಿಗಳನ್ನು ಬೇಕಾದರೂ ಉತ್ಪಾದಿಸಬಹುದಾಗಿದ್ದಿತು.

ಈ ತೊಡಕಿಗೆ ಫ್ರೆಂಚ್ ಕೆಲಸಗಾರರು ಕಂಡುಕೊಂಡಿದ್ದ ಉಪಾಯಗಳಲ್ಲಿ ಒಂದು, ಚಿತ್ರದ ಎದುರಿಗೆ ಕನ್ನಡಿಯನ್ನಿಟ್ಟು ಅದರಲ್ಲಿ ನೋಡಿ ಗೀರುವುದು. ಇನ್ನೊಂದು, ಪ್ರತಿಮುದ್ರೆಯನ್ನು ತೆಗೆಯುವುದು. ಬಳಪದ ಚಿತ್ರದ ಮೇಲೆ ತೇವವಾದ ಬರಿಯ ಕಾಗದವನ್ನು ಹೊದಿಸಿ ಉರುಳೆಯಲ್ಲಿ ಒತ್ತಿದರೆ, ಸಡಿಲವಾಗಿ ಕುಳಿತಿದ್ದ ಕಣಗಳಲ್ಲಿ ಒಂದು ಪಾಲು ತೇವದ ನಾರಿಗೆ ಹತ್ತಿ, ತುಸು ಮಂಕಾದ ತಿರುಗುಚಿತ್ರವೊಂದು ದೊರೆಯುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಕೊರೆದರೆ ಅಚ್ಚು ನೆಟ್ಟಗೆ ಬರುತ್ತದೆ. ಯುಬೇರ್ ರೋಬೇರ್ ಮೊದಲಾದವರ ಕೆಂಪು ಬಳಪದ ಚಿತ್ರಗಳಿಗೆ ಇಂತಹ ಪ್ರತಿಮುದ್ರೆಗಳು ವಿಪುಲವಾಗಿ ಉಳಿದಿವೆ. ಕೆತ್ತನೆಗೆ ಮಾತ್ರವಲ್ಲದೆ, ಉದುರಲು ಕಾದಿದ್ದ ಪುಡಿಯನ್ನು ತೆಗೆದು ಮೂಲಚಿತ್ರವನ್ನು ಭದ್ರಪಡಿಸುವುದಕ್ಕೂ, ಒಂದು ಚಿತ್ರವನ್ನು ಎರಡು ಮಾಡಿಕೊಳ್ಳುವುದಕ್ಕೂ ಈ ಕ್ರಮ ಒದಗುತ್ತಿದ್ದಿತು.

ಇನ್ನು ಆಮ್ಲ. ತಗಡಿನ ಮೇಲೆ ಕೆಲಸ ಮಾಡುವವನ ಸೂಜಿಯು ತಾಮ್ರವನ್ನು ಕೊರೆಯುವುದಿಲ್ಲ. ಮೇಣದ ಲೇಪವನ್ನು ಸರಿಸಿ ತಾಮ್ರವನ್ನು ಬಯಲುಮಾಡುತ್ತದೆ. ಕೊರೆಯುವ ಕೆಲಸವೆಲ್ಲ ನೈಟ್ರಿಕ್ ಆಮ್ಲದ್ದು. ಬೆಳ್ಳಿಯಿಂದ ಚಿನ್ನವನ್ನು ಬೇರ್ಪಡಿಸುವ ಅಕ್ಕಸಾಲೆಗಳಲ್ಲಿ ಪೆಟ್ಲುಪ್ಪಿನಿಂದ ಬಟ್ಟಿಯಿಳಿಸುತ್ತಿದ್ದ ಈ ಉಗ್ರದ್ರವವನ್ನು ತಿಳಿಮಾಡಿ, ಬಯಲಾದ ಗೆರೆಯ ಮೇಲೆ ಹಾಯಿಸಿದಾಗ, ತಾಮ್ರದ 3 ಪರಮಾಣುಗಳು ಆಮ್ಲದ 8 ಅಣುಗಳೊಡನೆ ಸೇರಿ, 3 ಅಣು ತಾಮ್ರದ ನೈಟ್ರೇಟು, 2 ಅಣು ನೈಟ್ರಿಕ್ ಆಕ್ಸೈಡು, 4 ಅಣು ನೀರು ಇಷ್ಟು ಹುಟ್ಟುತ್ತವೆ. ನೈಟ್ರೇಟು ಕರಗಿ ದ್ರವವು ನೀಲಿಗಟ್ಟುತ್ತದೆ. ಅನಿಲವು ಗುಳ್ಳೆಗಳಾಗಿ ಮೇಲೆದ್ದು, ಗಾಳಿಯ ಆಮ್ಲಜನಕವನ್ನು ಕೂಡಿ, ಗಂಟಲು ಹಿಡಿಯುವ ಕಂದುಹೊಗೆಯಾಗುತ್ತದೆ. ಗುಳ್ಳೆಯೊಂದು ಗೆರೆಯ ಮೇಲೆ ಕುಳಿತುಬಿಟ್ಟರೆ ಅಷ್ಟು ಭಾಗಕ್ಕೆ ಆಮ್ಲ ತಲಪದೆ ಗೆರೆಯು ತುಂಡಾಗುವುದರಿಂದ, ಕೆಲಸಗಾರನು ಹಕ್ಕಿಯ ಗರಿಯೊಂದನ್ನು ಹಿಡಿದು ಗುಳ್ಳೆಗಳನ್ನು ಮೆಲ್ಲನೆ ಸವರಿ ಓಡಿಸುತ್ತಿರುತ್ತಾನೆ.

ಇಲ್ಲಿಯೇ ಬಳಪದ ಹಾಳೆಯ ಲೆಕ್ಕವು ಅರ್ಥವಾಗುವುದು. ಸೂಜಿಯನ್ನು ಎಷ್ಟು ಒತ್ತಿದರೂ ಅಷ್ಟೆ. ಲೇಪ ಸರಿದ ಮೇಲೆ ಎಲ್ಲ ಗೆರೆಗಳೂ ಆಮ್ಲಕ್ಕೆ ಸಮಾನ. ಗೆರೆಯ ಆಳವನ್ನು, ಆದಕಾರಣ ಅದು ಹಿಡಿಯುವ ಮಸಿಯ ಪ್ರಮಾಣವನ್ನು, ಆದಕಾರಣ ಅಚ್ಚಿನಲ್ಲಿ ಅದರ ಕಪ್ಪನ್ನು ನಿರ್ಧರಿಸತಕ್ಕದ್ದು ಕಾಲ. ಹೂಜಿಯ ಬೆಳಕಿನ ಪಕ್ಕದ ತೆಳುಗೆರೆಗಳಿಗೆ ಆಮ್ಲವು ಸ್ವಲ್ಪ ಹೊತ್ತು ತಗುಲಿದರೆ ಸಾಕು; ಆಮೇಲೆ ತಗಡನ್ನು ತೊಳೆದು, ಆ ಗೆರೆಗಳಿಗೆ ತಡೆಲೇಪವನ್ನು ಬಳಿದು, ಉಳಿದುವನ್ನು ಮತ್ತೆ ಆಮ್ಲಕ್ಕೊಡ್ಡುತ್ತಾರೆ; ಮಧ್ಯಮ ನೆರಳಿನ ಗೆರೆಗಳು ಆದಮೇಲೆ ಅವಕ್ಕೂ ತಡೆ; ಕೊನೆಗೆ ಮೇಜಿನಡಿಯ ಗಾಢನೆರಳೊಂದೇ ಆಮ್ಲದ ಪಾಲಿಗೆ ಉಳಿಯುತ್ತದೆ. ಬಳಪ ಹಿಡಿದ ಬೆರಳಿನಲ್ಲಿ ಒತ್ತಡವಾಗಿದ್ದುದು ತಾಮ್ರದಲ್ಲಿ ಅವಧಿಯಾಗಿ ಪರಿವರ್ತನೆ ಹೊಂದುವ ಬಗೆ ಇದು. ಇದರಲ್ಲೊಂದು ಸೂಕ್ಷ್ಮವೂ ಇದೆ. ಆಮ್ಲವು ಕೆಳಮುಖವಾಗಿ ಮಾತ್ರ ತಿನ್ನುವುದಿಲ್ಲ. ಬಯಲಾದ ತಾಮ್ರ ಯಾವ ಕಡೆಗಿದೆಯೋ ಆ ಕಡೆಗೆಲ್ಲ ಬಾಯಿ ಹಾಕುತ್ತದೆ. ಹೆಚ್ಚು ಹೊತ್ತು ಬಿಟ್ಟ ಗೆರೆಯು ಆಳವಾಗುವುದರೊಡನೆ ಲೇಪದ ಅಂಚಿನಡಿಗೆ ನುಗ್ಗಿ ಅಗಲವೂ ಆಗುತ್ತದೆ. ಒತ್ತಿ ಎಳೆದ ಬಳಪದ ಗೆರೆಯೂ ಗಾಢವಾಗುತ್ತ ಅಗಲವಾಗುವುದಲ್ಲವೆ? ಕಾರಣಗಳು ಬೇರೆಬೇರೆಯಾದರೂ ಪರಿಣಾಮವು ಒಂದನ್ನೊಂದು ಹೋಲುವ ಈ ಅದೃಷ್ಟದಿಂದಲೇ ಬಳಪವು ಆಮ್ಲಕೊರೆತಕ್ಕೆ ಇಷ್ಟು ಒಳ್ಳೆಯ ಪೂರ್ವಗಾಮಿಯಾಯಿತೆಂದು ನಾನು ಭಾವಿಸುತ್ತೇನೆ. ಮಸಿಯ ಲೇಖನಿಯಿಂದ ಬರೆದ ಗೆರೆಗೆ ಅಂಚಿನ ಖಚಿತತೆಯಿದ್ದೀತು. ನೆರಳಿನ ಇಷ್ಟೊಂದು ಮೆಟ್ಟಿಲುಗಳು ಅದರಲ್ಲಿ ಇಲ್ಲ.

ಈ ವಿದ್ಯೆಯನ್ನು ಮೊಟ್ಟಮೊದಲು ಗ್ರಂಥಸ್ಥಗೊಳಿಸಿದವನು ಅಬ್ರಾಂ ಬೋಸ್. ಅವನ ಪುಸ್ತಕ ಪ್ಯಾರಿಸಿನಲ್ಲಿ 1645ರಲ್ಲಿ ಹೊರಬಂದಿತು. ನಾನ್ಸಿಯ ಜಾಕ್ ಕಾಲೋ ರೂಢಿಗೆ ತಂದಿದ್ದ ಗಡುಸು ಲೇಪವನ್ನೂ, ಅದಕ್ಕೊಪ್ಪುವ ಸೌಮ್ಯವಾದ ದ್ರವವನ್ನೂ ಬೋಸ್ ವಿವರಿಸುತ್ತಾನೆ: ವಿನಿಗರ್, ನವಸಾಗರ, ಅಡುಗೆಯುಪ್ಪು, ತಾಮ್ರದ ಕಿಲುಬು ಇವುಗಳನ್ನು ಕುದಿಸಿ ಮಾಡಿದ್ದು. ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಅದನ್ನು ಮತ್ತೆ ಮತ್ತೆ ಸುರಿದು, ಕೆಳಗಿನ ಪಾತ್ರೆಯಲ್ಲಿ ಹಿಡಿದು, ಮತ್ತೆ ಸುರಿಯಬೇಕು. ತಡೆಲೇಪಕ್ಕೆ ಎಣ್ಣೆಯನ್ನೂ ದನದ ಕೊಬ್ಬನ್ನೂ ಕಾಯಿಸಿ ಬೆರೆಸಬೇಕು. ಇದೇ ಬೋಸ್ ಮುಂದೆ ನಿಕೊಲಾ ರೋಬೇರನೊಡನೆ ಕೂಡಿ, ರಾಜಾಶ್ರಯದ ವಿಜ್ಞಾನ ಅಕಾಡೆಮಿಯ ಸಸ್ಯಚರಿತ್ರೆಗಾಗಿ ಗಿಡಗಳ ಫಲಕಗಳನ್ನು ಕೊರೆದನು. ಅದರ ಮೊದಲ ಸಂಪುಟ 1676ರಲ್ಲಿ ಪ್ರಕಟವಾಯಿತು. ಅದೇ ಕಾಲದ ಮೊನ್ವಾಯೇ ಎಂಬ ಪುಷ್ಪಚಿತ್ರಕಾರನು ತನ್ನ ಹೂದಾನಿ, ಹೂಬುಟ್ಟಿಗಳ ಮಾಲಿಕೆಗಳನ್ನು ತಾನೇ ತಾಮ್ರಕ್ಕಿಳಿಸಿದನು. ಅಲಂಕಾರದ ಹೂವಿಗೂ ಶಾಸ್ತ್ರದ ಹೂವಿಗೂ ಅಂದು ಒಂದೇ ಆಮ್ಲದ ಪಾತ್ರೆ.

ಬಳಪವು ತಾಮ್ರಕ್ಕೆ ಸೇವಕನಾಗಿದ್ದ ಈ ಸಂಬಂಧವು 1757ರ ಸುಮಾರಿಗೆ ಒಂದು ಮಗ್ಗುಲು ಬದಲಿಸಿತು. ಬಳಪದ ಚಿತ್ರಗಳಿಗೇ ಬೇಡಿಕೆ ಹುಟ್ಟಿ, ಅವುಗಳ ನರೆತ ಗೆರೆಯನ್ನು ಅಚ್ಚಿನಲ್ಲಿ ಅನುಕರಿಸುವ ಕೌತುಕ ಹಬ್ಬಿತು. ಜಾನ್ ಶಾರ್ಲ್ ಫ್ರಾಂಸ್ವಾ ಎಂಬವನೂ, ಬಳಿಕ ಲಿಯೇಜಿನಿಂದ ಬಂದ ಜಿಲ್ ದೆಮಾರ್ತೋ ಎಂಬವನೂ, ಮುಳ್ಳುಹಲ್ಲಿನ ಸಣ್ಣ ಗಾಲಿಗಳನ್ನು ಮೇಣದ ಲೇಪದ ಮೇಲೆ ಉರುಳಿಸಿ, ಸಾವಿರಾರು ಚುಕ್ಕೆಗಳನ್ನು ಆಮ್ಲಕ್ಕೊಪ್ಪಿಸಿ, ಕೆಂಪು ಮಸಿಯಲ್ಲಿ ಅಚ್ಚೊತ್ತಿ, ಬೂಷೇಯ ಬಳಪದ ಚಿತ್ರಗಳನ್ನು ಮೂಲವೋ ಅಚ್ಚೋ ಎಂದು ಮರುಳಾಗುವಷ್ಟು ಸಮೀಪಕ್ಕೆ ತಂದರು. ಭೂತಗನ್ನಡಿಯೊಂದಿದ್ದರೆ ಮರುಳಾಗಬೇಕಾಗಿಲ್ಲ: ನಿಜವಾದ ಬಳಪದಲ್ಲಿ ಬಣ್ಣವು ಕಾಗದದ ಏರುಗಳ ಮೇಲಿರುತ್ತದೆ, ಅಚ್ಚಿನಲ್ಲಿ ಚುಕ್ಕೆಗಳು ಏರುತಗ್ಗುಗಳನ್ನು ಲಕ್ಷಿಸದೆ ಗಾಲಿಯ ಹಲ್ಲಿನ ಲಯವನ್ನು ಅನುಸರಿಸುತ್ತವೆ. ಆ ಶತಮಾನದ ಅಂತ್ಯಕ್ಕೆ, 1795ರಲ್ಲಿ, ಇಂಗ್ಲೆಂಡಿನೊಡನೆ ಯುದ್ಧದ ದೆಸೆಯಿಂದ ಒಳ್ಳೆಯ ಗ್ರ್ಯಾಫೈಟ್ ಬರುವುದು ನಿಂತುಹೋಗಲಾಗಿ, ನಿಕೊಲಾ ಜಾಕ್ ಕೊಂತೆ ಎಂಬವನು ಗ್ರ್ಯಾಫೈಟಿನ ಪುಡಿಯನ್ನು ಜೇಡಿಯೊಡನೆ ಕಲಸಿ ಸುಟ್ಟು ಪೆನ್ಸಿಲಿನ ಕಡ್ಡಿಯನ್ನು ಮಾಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಬೇಕಾದ ಗಡಸುತನಕ್ಕೆ ಬೇಕಾದಷ್ಟು ಜೇಡಿ ಎಂಬ ಈ ಸೂತ್ರ ಬಂದ ಮೇಲೆ ನೆಲದಿಂದ ಅಗೆದ ಬಳಪವು ಹಿಂದೆ ಬಿದ್ದಿತು.

ಉಳಿದಿರುವ ಹಳೆಯ ಹಾಳೆಗಳನ್ನು ಇಂದು ಸಂಗ್ರಹಾಲಯಗಳಲ್ಲಿ ಪರೀಕ್ಷಿಸುವವರು ದೀಪವನ್ನು ಪಕ್ಕಕ್ಕಿಟ್ಟು, ಬೆಳಕು ಕಾಗದವನ್ನು ಸವರಿಕೊಂಡು ಹೋಗುವಂತೆ ಮಾಡುತ್ತಾರೆ. ಮೊಂಡುಸೂಜಿ ಒತ್ತಿದ ತೋಡುಗಳಿದ್ದರೆ ಆಗ ನೆರಳುಗಟ್ಟಿ ಎದ್ದು ಕಾಣುತ್ತವೆ. ಅವಗೆಂಪು ಕಿರಣಗಳಲ್ಲಿ ಚಿತ್ರವನ್ನು ಹಿಡಿದರೆ ಕೆಂಪು ಬಳಪವು ಬಹುಮಟ್ಟಿಗೆ ಮಾಯವಾಗಿ, ಇಂಗಾಲವುಳ್ಳ ಕರಿಯ ಬಳಪವು ಮಾತ್ರ ನಿಲ್ಲುತ್ತದೆ. ಕೆಂಪಿನ ಅಡಿಯಲ್ಲಿ ಮೊದಲು ಕರಿಯದರಿಂದ ಹಾಕಿಕೊಂಡ ಆಲೋಚನೆಯ ಗೆರೆಗಳು ಹೀಗೆ ಬೇರೆಯಾಗಿ ಸಿಗುತ್ತವೆ. ಬಳಿಕ ಹಾಳೆಯನ್ನು ಅಚ್ಚಿನ ಪಕ್ಕದಲ್ಲಿಟ್ಟು ದಿಕ್ಕನ್ನು ನೋಡುತ್ತಾರೆ. ದಿಕ್ಕು ತಿರುಗಿದ್ದು, ಗೆರೆಗಳ ಮೇಲೆ ತೋಡಿದ್ದು, ಬೆನ್ನು ಕೆಂಪಾಗಿದ್ದರೆ, ಆ ಹಾಳೆಯು ತಗಡಿನ ಮೇಲೆ ಮಲಗಿ ಎದ್ದುದೆಂದು ಧೈರ್ಯವಾಗಿ ಹೇಳಬಹುದು. ದಿಕ್ಕು ಒಂದೇ ಆಗಿ, ತೋಡೂ ಇಲ್ಲದೆ, ಬೆನ್ನೂ ಶುಭ್ರವಾಗಿದ್ದರೆ ಸಂಶಯಕ್ಕೆ ಎಡೆಯುಂಟು: ಯಾರೋ ತರುವಾಯದ ಅಭ್ಯಾಸಿಯು ಅಚ್ಚನ್ನೇ ನೋಡಿ ಬಳಪದಲ್ಲಿ ನಕಲುಮಾಡಿರಬಹುದು. ಆದರೆ ಆ ತೀರ್ಪನ್ನು ಕೊಡುವ ಮುನ್ನ, ಮಂಕಾದ ಪ್ರತಿಮುದ್ರೆಯೊಂದು ಎಲ್ಲಿಯಾದರೂ ಉಳಿದಿದೆಯೇ, ಹಾಳೆಯ ಬಳಪದಲ್ಲಿ ತೇವವಾಗಿ ಒತ್ತಿದ ಚಪ್ಪಟೆತನ ಕಾಣುತ್ತದೆಯೇ, ನೆರಳಿನ ಗೆರೆಗಳ ಓರೆಯು ಬಲಗೈಯದೋ ಅಲ್ಲವೋ ಎಂಬುದನ್ನು ನೋಡಿಕೊಳ್ಳಬೇಕು. ಚಿತ್ರದಲ್ಲಿ ಒಂದು ಚಿಪ್ಪಿದ್ದರೆ ಅದರ ಬಾಯಿ ಯಾವ ಕಡೆಗಿದೆಯೆಂಬುದನ್ನು ಎಲ್ಲಕ್ಕಿಂತ ಮೊದಲು.